ಪಂಪೂ ತೊಟ್ಟಿಯೂ

ನೀರಿಗೂ ವಿದ್ಯುತ್ತಿಗೂ ಹಗೆಯೆಂಬುದನ್ನು ನಾವೆಲ್ಲರೂ ಅಕ್ಷರಾಭ್ಯಾಸಕ್ಕೆ ಮೊದಲೇ ಕಲಿತವರು. ಒದ್ದೆಗೈಯಿಂದ ಸ್ವಿಚ್ಚು ಮುಟ್ಟಿ ಬೈಸಿಕೊಳ್ಳದ ಮಗು ಯಾವ ಮನೆಯಲ್ಲಿದ್ದೀತು? ಹೀಗಿರುವಾಗ ಕಂಪ್ಯೂಟರಿನ ಹೊಟ್ಟೆಯೊಳಗೇ ಕೊಳವೆ ಹಾಕಿ ನೀರು ಹರಿಸುವ ಜನರು ಈ ಲೋಕದಲ್ಲಿದ್ದಾರೆಂದರೆ ಯಾರಿಗಾದರೂ ಅಚ್ಚರಿಯಾಗಬೇಕಾದದ್ದೇ. ಕಳೆದ ಬೇಸಿಗೆಯಿಂದ ನಮ್ಮ ಮನೆಯವರೂ ಆ ಪಂಗಡಕ್ಕೆ ಸೇರಿದ್ದೇವೆ. ಶಾಸನಗಳನ್ನೂ ಸಾಮ್ರಾಜ್ಯಗಳನ್ನೂ ಓದಬೇಕಾದ ಇತಿಹಾಸದ ವಿದ್ಯಾರ್ಥಿನಿ ಪಂಪಿನ ಪುರಾಣ ಹೇಳಹೊರಟಳೆಂದು ನನ್ನ ಸಹಪಾಠಿಗಳು ನಗಬಹುದು. ನಕ್ಕ ಮೇಲಾದರೂ ಓದಿದರೆ ಸಾಕು.

ನಮ್ಮಣ್ಣನದು ಹಿರಿಯೂರು ತಾಲ್ಲೂಕಿನ ಒಂದು ಊರಿನಲ್ಲಿ ಪುಟ್ಟ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆದು, ರಾತ್ರಿಯೆಲ್ಲ ಕುಳಿತು ಕತ್ತರಿಸಿ ಜೋಡಿಸಿ ಕೊಡುವುದು ಅವನ ಕಸುಬು. ಇಂದಿನ ಕ್ಯಾಮೆರಾಗಳು ಕೊಡುವ ಭಾರಿ ಫೈಲುಗಳ ಮುಂದೆ ಅವನ ಹಳೆಯ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. 2025ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲೊಬ್ಬರು ಒಳ್ಳೆಯ ಯಂತ್ರವೊಂದನ್ನು ಅಗ್ಗಕ್ಕೆ ಮಾರುತ್ತಾರೆಂದು ಕೇಳಿ, ಹೋಗಿ ತಂದುಬಿಟ್ಟ. ಅಗ್ಗವೇಕೆಂಬುದು ಮನೆಗೆ ಬಂದ ಮೇಲೆ ಎಲ್ಲರಿಗೂ ಕಂಡಿತು. ಪ್ರೊಸೆಸರಿನ ಮೇಲೊಂದು, ಗ್ರಾಫಿಕ್ಸ್ ಕಾರ್ಡಿನ ಮೇಲೊಂದು ತಾಮ್ರದ ಬ್ಲಾಕುಗಳಿದ್ದವು. ಎರಡು ರೇಡಿಯೇಟರುಗಳೂ ಫ್ಯಾನುಗಳೂ ಇದ್ದವು. ಆದರೆ ಇವುಗಳಲ್ಲಿ ನೀರು ತಿರುಗಿಸುವ ಪಂಪು ಸುಟ್ಟುಹೋಗಿತ್ತು, ನೀರು ನಿಲ್ಲುವ ತೊಟ್ಟಿ ಬಿರುಕು ಬಿಟ್ಟಿತ್ತು. ಹೃದಯವಿಲ್ಲದ ದೇಹವನ್ನು ಅಣ್ಣ ಬಸ್ಸಿನಲ್ಲಿ ಕೂರಿಸಿಕೊಂಡು ಬಂದಿದ್ದ.

ಮನೆಯಲ್ಲಿ ಆಗ ಇದ್ದದ್ದು ಚೀಟಿ ಎತ್ತಿದ 25,000 ರೂಪಾಯಿ. ಅದು ನನ್ನ ಎಂ.ಎ. ಪ್ರವೇಶಕ್ಕೂ ಹಾಸ್ಟೆಲಿಗೂ ಎಂದು ಅಮ್ಮ ತೆಗೆದಿಟ್ಟಿದ್ದ ಗಂಟು. ಎದುರಿಗೆ ಏಪ್ರಿಲ್, ಮೇ ತಿಂಗಳ ಲಗ್ನಗಳು. ಹನ್ನೊಂದು ಮದುವೆಗಳಿಗೆ ಮುಂಗಡ ಪಡೆದಾಗಿತ್ತು. ಅಣ್ಣ ನನ್ನನ್ನು ಕರೆದು, "ನೀನು ಇಂಗ್ಲಿಷ್ ಓದ್ತೀಯಲ್ಲ, ಯಾವ ಪಂಪು, ಯಾವ ತೊಟ್ಟಿ ಅಂತ ನೀನೇ ನೋಡಿ ಹೇಳು ಕಣೇ. ಒಂದು ಮಾತ್ರ ನೆನಪಿರ್ಲಿ, ಮದುವೆ ಎರಡನೇ ಸಲ ಮಾಡ್ಸಿ ವಿಡಿಯೋ ತೆಗೆಯೋಕಾಗಲ್ಲ" ಎಂದ. ನನ್ನ ಓದಿನ ಹಣವನ್ನು ನನ್ನ ಕೈಯಿಂದಲೇ ಖರ್ಚು ಮಾಡಿಸುವ ಈ ಉಪಾಯಕ್ಕೆ ನಾನು ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ವಿಷಯ ಹೊಸದಾಗಿರುವ ಓದುಗರಿಗಾಗಿ ಎರಡು ಮಾತು. ಈ ಏರ್ಪಾಟಿನಲ್ಲಿ ನೀರು ಒಂದು ಮುಚ್ಚಿದ ಸುತ್ತಿನಲ್ಲಿ ತಿರುಗುತ್ತದೆ. ತೊಟ್ಟಿಯಿಂದ ಪಂಪಿಗೆ, ಪಂಪಿನಿಂದ ಬ್ಲಾಕುಗಳಿಗೆ, ಅಲ್ಲಿ ಶಾಖವನ್ನು ಹೊತ್ತುಕೊಂಡು ರೇಡಿಯೇಟರಿಗೆ, ರೇಡಿಯೇಟರಿನಲ್ಲಿ ಶಾಖವನ್ನು ಗಾಳಿಗೆ ಒಪ್ಪಿಸಿ ಮರಳಿ ತೊಟ್ಟಿಗೆ. ನೀರು ಇಲ್ಲಿ ಕೂಲಿಯಾಳು ಮಾತ್ರ. ಹೊರೆಯನ್ನು ಕೊನೆಗೆ ಇಳಿಸಿಕೊಳ್ಳುವುದು ಕೋಣೆಯ ಗಾಳಿ. ಆದ್ದರಿಂದ ಕೋಣೆ 37 ಡಿಗ್ರಿ ಇದ್ದರೆ ನೀರು ಅದಕ್ಕಿಂತ ತಂಪಾಗುವಂತಿಲ್ಲ. "ನೀರು ಅಂದ್ರೆ ತಂಪು" ಎಂದುಕೊಂಡಿದ್ದ ಅಣ್ಣನಿಗೆ ಈ ಮಾತು ಮೊದಲಿಗೆ ರುಚಿಸಲಿಲ್ಲ.

ಪಂಪಿನ ವಿಚಾರಕ್ಕೆ ನಮ್ಮ ಮನೆಯಲ್ಲೇ ಒಬ್ಬ ಪಂಡಿತರಿದ್ದರು. ನಮ್ಮಪ್ಪ ಮೂವತ್ತು ವರ್ಷಗಳಿಂದ ಮೋಟಾರು ವೈಂಡಿಂಗ್ ಅಂಗಡಿ ನಡೆಸುವವರು. ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ಪಂಪುಗಳು ಸುಟ್ಟರೆ ಬರುವುದು ಅವರ ಬಳಿಗೆ. ನಾನು ಕೇಳಿದ ಕೂಡಲೆ ಅವರು, "ಎಷ್ಟು ಅಡಿ ಎತ್ತಬೇಕಮ್ಮ?" ಎಂದು ತಮ್ಮ ಗಿರಾಕಿಗಳನ್ನು ಕೇಳುವ ಪ್ರಶ್ನೆಯನ್ನೇ ಕೇಳಿದರು. ಎರಡು ಅಡಿ ಎಂದೆ. ಆದರೆ ಪಂಪುಗಳ ವಿವರದಲ್ಲಿ ನಾಲ್ಕು ಮೀಟರು, ಐದು ಮೀಟರು ಎತ್ತುವ ಶಕ್ತಿಯ ಮಾತಿತ್ತು. ಎರಡು ಅಡಿಗೆ ಇಷ್ಟೇಕೆ?

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ಬಾವಿಯ ರಾಟೆಯ ಉದಾಹರಣೆ ಕೊಟ್ಟರು. ಹಗ್ಗದ ಎರಡು ತುದಿಗೂ ಒಂದೊಂದು ತುಂಬಿದ ಕೊಡ ಕಟ್ಟಿದರೆ, ಏರುವ ಕೊಡದ ಭಾರವನ್ನು ಇಳಿಯುವ ಕೊಡವೇ ತೂಗುತ್ತದೆ. ಎಳೆಯುವವನು ಗೆಲ್ಲಬೇಕಾದದ್ದು ರಾಟೆಯ ಉಜ್ಜಾಟವನ್ನು ಮಾತ್ರ. ಮುಚ್ಚಿದ ಸುತ್ತಿನಲ್ಲಿ ನೀರು ಒಮ್ಮೆ ತುಂಬಿಕೊಂಡಿತೆಂದರೆ ಅದೂ ಹಾಗೆಯೇ. ಏರುವ ನೀರನ್ನು ಇಳಿಯುವ ನೀರು ತೂಗುತ್ತದೆ. ಪಂಪಿನ ಬಲವೆಲ್ಲ ವೆಚ್ಚವಾಗುವುದು ದಾರಿಯ ಅಡಚಣೆಗೆ. ಬ್ಲಾಕುಗಳ ಒಳಗೆ ತಾಮ್ರವನ್ನು ಕೂದಲಿನಂತೆ ಸಣ್ಣ ಸಣ್ಣ ಕಾಲುವೆಗಳಾಗಿ ಕೊರೆದಿರುತ್ತಾರೆ. ಅವುಗಳಲ್ಲಿ ನೂಕಿಕೊಂಡು ಹೋಗುವುದೇ ನೀರಿಗೆ ದೊಡ್ಡ ಬೆಟ್ಟ ಹತ್ತಿದಂತೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎಷ್ಟು ಎತ್ತರವೆಂಬುದಲ್ಲ, ದಾರಿ ಎಷ್ಟು ಇಕ್ಕಟ್ಟೆಂಬುದು. ಎರಡು ಬ್ಲಾಕು, ಎರಡು ರೇಡಿಯೇಟರು ನಮ್ಮ ದಾರಿ.

ಈ ಕೆಲಸಕ್ಕೆ ಹೆಸರಾದ ಪಂಪುಗಳು ಮುಖ್ಯವಾಗಿ ಎರಡು: ಡಿ5 ಮತ್ತು ಡಿಡಿಸಿ. ಎರಡೂ ಲೈಂಗ್ ಎಂಬ ಮನೆತನದ ಸಂಸ್ಥೆಯಲ್ಲಿ ಹುಟ್ಟಿದವು. 2009ರಲ್ಲಿ ಆ ಸಂಸ್ಥೆಯನ್ನು ಐಟಿಟಿ ಕೊಂಡಿತು. 2011ರಲ್ಲಿ ಐಟಿಟಿಯ ನೀರಿನ ವ್ಯವಹಾರ ಕ್ಸೈಲೆಮ್ ಎಂಬ ಹೆಸರಿನಿಂದ ಬೇರೆಯಾಯಿತು. ಎರಡೂ 12 ವೋಲ್ಟಿನವು. ಇವುಗಳ ರಚನೆಯನ್ನು ಚಿತ್ರದಲ್ಲಿ ತೋರಿಸಿದಾಗ ಅಪ್ಪನ ಕಣ್ಣು ಅರಳಿತು. ನೀರು ತಳ್ಳುವ ಚಕ್ರ ಒಂದು ಪುಟ್ಟ ಪಿಂಗಾಣಿ ಗುಂಡಿನ ಮೇಲೆ ಬೋರಲು ಬಟ್ಟಲಿನಂತೆ ಕುಳಿತಿರುತ್ತದೆ. ಗೋಡೆಯ ಆಚೆಯಿರುವ ಸುರುಳಿ ಅದನ್ನು ಅಯಸ್ಕಾಂತ ಬಲದಿಂದಲೇ ತಿರುಗಿಸುತ್ತದೆ. ಗೋಡೆ ತೂರಿ ಹೋಗುವ ಶಾಫ್ಟಿಲ್ಲ. ಶಾಫ್ಟಿಲ್ಲದ ಮೇಲೆ ಅಲ್ಲಿ ಸೋರುವ ಸೀಲೂ ಇಲ್ಲ. "ಸೀಲೇ ಇಲ್ವಾ! ಹಂಗಾದ್ರೆ ನಮ್ಮಂಥೋರು ಬದುಕೋದು ಹೆಂಗೆ?" ಎಂದು ಅಪ್ಪ ನಕ್ಕರು. ಮರುಕ್ಷಣವೇ, "ಆ ಗುಂಡಿಗೆ ಎಣ್ಣೆ ಯಾವುದು?" ಎಂದು ಕೇಳಿದರು. ಹರಿಯುವ ನೀರೇ ಅದಕ್ಕೆ ಎಣ್ಣೆ. ನೀರಿಲ್ಲದೆ ಓಡಿಸಿದರೆ ಸವೆದು ಕೆಡುತ್ತದೆ. ಅಪ್ಪ ಸುಟ್ಟ ಪಂಪನ್ನು ಕೈಗೆತ್ತಿಕೊಂಡು ಬಿಚ್ಚಿ ನೋಡಿ, "ಇದು ಒಣಗಿ ಓಡಿ ಸತ್ತದ್ದು. ನಮ್ಮ ಬೋರಿನ ಪಂಪುಗಳಿಗೂ ಇದೇ ಸಾವು" ಎಂದರು.

ಡಿಡಿಸಿ ಚಿಕ್ಕದು, ಮೈಗೆ ಮೀರಿದ ಬಲದ್ದು. ಅದರ ಬಲವಾದ ಮಾದರಿ ಐದು ಮೀಟರಿನಷ್ಟು ಒತ್ತಡ ಕೊಡುತ್ತದೆ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿಯೂ ಕೂರುತ್ತದೆ. ಆದರೆ ಅದರ ತಳ ಬಿಸಿಯಾಗುತ್ತದೆ, ಗಾಳಿಯಾಡಲು ಬಿಡಬೇಕು. ಡಿ5 ದಪ್ಪ ಮೈಯದು; ಒತ್ತಡ ನಾಲ್ಕು ಮೀಟರಿಗೆ ತುಸು ಕಡಿಮೆ. ಅಡಚಣೆಯೇ ಇಲ್ಲದಿದ್ದರೆ ಗಂಟೆಗೆ 1,500 ಲೀಟರು ನೂಕಬಲ್ಲುದೆಂದು ಹೇಳಿದ್ದರೂ ನಿಜವಾದ ಸುತ್ತಿನಲ್ಲಿ ಅದರ ಆರನೆಯ ಒಂದು ಪಾಲು ಹರಿದರೆ ಹೆಚ್ಚು. ಅದರ ಮೋಟಾರಿನ ಶಾಖವನ್ನು ಒಳಗಿನ ನೀರೇ ಎಳೆದುಕೊಳ್ಳುತ್ತದೆ. ವೇಗ ತಗ್ಗಿಸಿದರೆ ಅದರ ಸದ್ದು ಕಿವಿಗೆ ಬೀಳುವುದೇ ಕಷ್ಟ.

ಆರನೆಯ ಒಂದು ಪಾಲು ಸಾಕೇ? ಇದಕ್ಕೆ ನಮ್ಮ ಪ್ರೌಢಶಾಲೆಯ ವಿಜ್ಞಾನವೇ ಉತ್ತರ ಕೊಟ್ಟಿತು. ಒಂದು ಲೀಟರು ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4,186 ಜೂಲ್ ಶಾಖ ಬೇಕು. ನಮ್ಮ ಯಂತ್ರ ಪೂರ್ತಿ ದುಡಿಯುವಾಗ ಸುಮಾರು 400 ವಾಟ್, ಎಂದರೆ ಸೆಕೆಂಡಿಗೆ 400 ಜೂಲ್ ಶಾಖ ಬಿಡುತ್ತದೆ. ನಿಮಿಷಕ್ಕೆ ನಾಲ್ಕು ಲೀಟರು ಹರಿದರೂ ಬ್ಲಾಕುಗಳನ್ನು ದಾಟಿ ಬರುವ ನೀರು ಒಂದೂವರೆ ಡಿಗ್ರಿಯಷ್ಟೂ ಏರುವುದಿಲ್ಲ. ಹರಿವನ್ನು ಇಮ್ಮಡಿ ಮಾಡಿದರೆ ಉಳಿಯುವುದು ಮುಕ್ಕಾಲು ಡಿಗ್ರಿಗೂ ಕಡಿಮೆ, ಹೆಚ್ಚುವುದು ಸದ್ದು. ವಧುವಿನ ತಂದೆಯ ಗದ್ಗದ ಕಂಠವನ್ನೂ ನಾದಸ್ವರವನ್ನೂ ಬೇರ್ಪಡಿಸಿ ಕೇಳಬೇಕಾದ ಕೋಣೆಯಲ್ಲಿ ಸದ್ದೇ ದೊಡ್ಡ ಶತ್ರು. ಡಿ5 ಎಂದು ನಿಶ್ಚಯಿಸಿದೆ. ಅದನ್ನು ಪೂರ್ಣ ವೇಗಕ್ಕೆ ಏರಿಸಕೂಡದೆಂದೂ ಗೊತ್ತುಮಾಡಿಕೊಂಡೆ.

ಜಗಳವಾದದ್ದು ತೊಟ್ಟಿಯ ವಿಷಯಕ್ಕೆ. ರಿಸರ್ವಾಯರ್ ಎಂದು ಅಂಗಡಿಯವರು ಕರೆಯುವ ಈ ತೊಟ್ಟಿ ಒಂದು ಗಾಜಿನ ಅಥವಾ ಅಕ್ರಿಲಿಕ್ಕಿನ ಕೊಳವೆ. ಲೀಟರಿನಷ್ಟು ದೊಡ್ಡದು, ಸುತ್ತ ಬಣ್ಣದ ದೀಪ, ಒಳಗೆ ಕುಂಕುಮದ ಬಣ್ಣದ ದ್ರವ: ಇಂಥದೊಂದನ್ನು ಅಣ್ಣ ಎಲ್ಲಿಯೋ ನೋಡಿ ಮನಸೋತಿದ್ದ. ಅಂಗಡಿಯ ಗಾಜಿನ ಬಳಿ ಇಟ್ಟರೆ ದಾರಿಹೋಕರು ನಿಂತು ನೋಡುತ್ತಾರೆಂದು ಅವನ ಲೆಕ್ಕ. "ದೊಡ್ಡ ತೊಟ್ಟಿ ಅಂದ್ರೆ ಜಾಸ್ತಿ ನೀರು, ಜಾಸ್ತಿ ನೀರು ಅಂದ್ರೆ ಜಾಸ್ತಿ ತಂಪು" ಎಂಬ ವಾದ ಬೇರೆ. ಬೆಲೆ ಸಾಧಾರಣ ತೊಟ್ಟಿಗಿಂತ 9,000 ರೂಪಾಯಿ ಹೆಚ್ಚು. ನನ್ನ ಹಾಸ್ಟೆಲಿನ ಹಣ ಬಣ್ಣದ ನೀರಾಗಿ ಹರಿಯುವುದು ನನಗೆ ಕಣ್ಣಿಗೆ ಕಟ್ಟಿದಂತಾಯಿತು.

ಮತ್ತೆ ಕಾಗದ ಪೆನ್ನು ಹಿಡಿದೆ. ಕಾಲು ಲೀಟರಿನ ಬದಲು ಒಂದು ಲೀಟರಿನ ತೊಟ್ಟಿ ಇಟ್ಟರೆ ಹೆಚ್ಚುವ ನೀರು ಮುಕ್ಕಾಲು ಲೀಟರು. 400 ವಾಟ್ ಶಾಖಕ್ಕೆ ಅದು ಒಂದು ಡಿಗ್ರಿಗೆ ಎಂಟು ಸೆಕೆಂಡಿನಷ್ಟು ತಡೆ ಒಡ್ಡುತ್ತದೆ; ಹತ್ತು ಡಿಗ್ರಿ ಏರಲು ಎಂಬತ್ತು ಸೆಕೆಂಡು. ಅಣ್ಣನ ಒಂದು ವಿಡಿಯೋ ಸಿದ್ಧವಾಗಲು ಮೂರು ಗಂಟೆ. 9,000 ರೂಪಾಯಿ ಕೊಟ್ಟು ಕೊಳ್ಳುವುದು ಎಂಬತ್ತು ಸೆಕೆಂಡಿನ ವಿಳಂಬವನ್ನು. ಆಮೇಲೆ ನೀರು ಎಷ್ಟು ಬಿಸಿಯಾಗಿ ನಿಲ್ಲುತ್ತದೆಂಬುದು ರೇಡಿಯೇಟರು, ಫ್ಯಾನು, ಕೋಣೆಯ ಗಾಳಿ ಇವುಗಳಿಗೆ ಸೇರಿದ ಮಾತು.

ಲೆಕ್ಕಕ್ಕೆ ಬಗ್ಗದ ಅಣ್ಣ ನಮ್ಮ ವಾಣಿವಿಲಾಸ ಸಾಗರದ ಮಾತಿಗೆ ಬಗ್ಗಿದ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ಆ ಅಣೆಕಟ್ಟು 30 ಟಿ.ಎಂ.ಸಿ. ನೀರು ಹಿಡಿಯುತ್ತದೆ. 1933ರಲ್ಲಿ ಕೋಡಿ ಹರಿದ ಮೇಲೆ ಅದು ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ನಂತರ. ಕೆರೆ ದೊಡ್ಡದಾದರೆ ನದಿಯ ನೀರು ಹೆಚ್ಚುವುದಿಲ್ಲ. "ಮಳೆ ತಾನೇ ಕೆರೆ ತುಂಬ್ಸೋದು, ಕಟ್ಟೆಯಲ್ಲ" ಎಂದು ಅಪ್ಪ ನನ್ನ ಪಕ್ಷ ವಹಿಸಿದರು. ಅಣ್ಣ ಸುಮ್ಮನಾದ. ಆದರೂ ಅವನ ಆಸೆಯನ್ನು ಕಂಡು ನನಗೆ ಕನಿಕರವಾಯಿತೆಂದು ಹೇಳಲೇಬೇಕು. ಹತ್ತು ವರ್ಷ ಇತರರ ಸಂಭ್ರಮವನ್ನು ಬೆಳಕಿನಲ್ಲಿ ನಿಲ್ಲಿಸಿದವನು ತನ್ನ ಅಂಗಡಿಗೂ ಒಂದು ದೀಪ ಬಯಸಿದ್ದ.

ಹಾಗಾದರೆ ತೊಟ್ಟಿ ಇರುವುದೇಕೆ? ಅದರ ಮೊದಲ ಕೆಲಸ ಪಂಪಿನ ಬಾಯಿಗೆ ಸದಾ ನೀರು ಒದಗಿಸುವುದು. ಆದ್ದರಿಂದ ಅದು ಪಂಪಿಗಿಂತ ಮೇಲಿರಬೇಕು. ಎರಡನೆಯದು ಗಾಳಿಗೆ ಹೊರದಾರಿ ತೋರುವುದು. ಕಿರಿದಾದ ಕೊಳವೆಯಲ್ಲಿ ಓಡಿ ಬಂದ ನೀರು ಅಗಲವಾದ ತೊಟ್ಟಿಯಲ್ಲಿ ನಿಧಾನಿಸುತ್ತದೆ. ಆಗ ಅದರೊಡನೆ ಬಂದ ಗುಳ್ಳೆಗಳು ಮೇಲೇರಿ ಒಡೆಯುತ್ತವೆ. ನೀರು ಕಡಿಮೆಯಿದ್ದರೆ ಸುಳಿ ಎದ್ದು ಗಾಳಿ ಮತ್ತೆ ಪಂಪಿನೊಳಗೆ ನುಗ್ಗಿ ಗೊರಗೊರ ಸದ್ದು ಮಾಡುತ್ತದೆ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಮೂರನೆಯದು ನೀರು ತುಂಬುವುದಕ್ಕೂ ಮಟ್ಟ ನೋಡುವುದಕ್ಕೂ ಅನುಕೂಲ. ಮೆದು ಕೊಳವೆಗಳ ಮೂಲಕ ತಿಂಗಳುಗಳಲ್ಲಿ ಒಂದಿಷ್ಟು ನೀರು ಆವಿಯಾಗಿ ಹೋಗುವುದುಂಟು. ಆ ನಷ್ಟವನ್ನು ತುಂಬಿಕೊಡುವುದೂ ತೊಟ್ಟಿಯೇ. ಇಷ್ಟಕ್ಕೆ ಕಾಲು ಲೀಟರು ಧಾರಾಳವಾಗಿ ಸಾಕು. ಪಂಪೂ ತೊಟ್ಟಿಯೂ ಒಂದೇ ಮೈಯಾಗಿ ಜೋಡಿಸಿದ್ದನ್ನು 16,000 ರೂಪಾಯಿಗೆ ತರಿಸಿದೆವು. ಒಂದು ಜೋಡಣೆ ಕಡಿಮೆಯಾದರೆ ಸೋರುವ ಜಾಗವೂ ಒಂದು ಕಡಿಮೆ. ಒಳಗೆ ಬಣ್ಣದ ದ್ರವವಿಲ್ಲ. ಡಿಸ್ಟಿಲ್ಡ್ ನೀರು, ಪಾಚಿ ಕಟ್ಟದಂತೆ ಹಾಕುವ ಔಷಧಿ ಕೆಲವು ಹನಿ. ಬಣ್ಣದ ಗಟ್ಟಿ ದ್ರವಗಳು ಕಾಲಕ್ರಮದಲ್ಲಿ ಸಣ್ಣ ಕಾಲುವೆಗಳಲ್ಲಿ ಗಸಿ ಕಟ್ಟುತ್ತವೆ.

ಸೋರಿಕೆಯ ಪರೀಕ್ಷೆಯ ಆ ರಾತ್ರಿಯನ್ನು ನಾನು ಮರೆಯಲಾರೆ. ಕಂಪ್ಯೂಟರಿಗೆ ವಿದ್ಯುತ್ತು ಕೊಡದೆ ಪಂಪನ್ನು ಮಾತ್ರ 24 ಗಂಟೆ ಓಡಿಸಬೇಕು. ಪ್ರತಿ ಸಂದಿನ ಕೆಳಗೂ ಬಿಳಿಯ ಕಾಗದವಿಡಬೇಕು. ಬೆಳಗಿನ ಜಾವ ಮೂರು ಗಂಟೆಗೆ ಗ್ರಾಫಿಕ್ಸ್ ಕಾರ್ಡಿನ ಪಕ್ಕದ ಕಾಗದ ಕಾಸಿನಗಲ ಒದ್ದೆಯಾಗಿತ್ತು. ಅಣ್ಣನ ಮುಖ ಬಿಳಿಚಿತು. ಅಪ್ಪ ಏನೂ ಹೇಳದೆ ಬೆರಳಿನಿಂದ ಒಂದೊಂದೇ ಸಂದು ಸವರುತ್ತ ಹೋಗಿ ಒಂದೆಡೆ ನಿಂತರು. ಹಿಂದಿನವರು ಹಾಕಿದ್ದ ರಬ್ಬರು ಉಂಗುರವೊಂದು ಹಿಸುಕಿ ಸೀಳಿತ್ತು. ಬೇರೆ ಉಂಗುರ ಹಾಕಿ ಮತ್ತೆ 24 ಗಂಟೆ ಓಡಿಸಿದೆವು. ಎರಡನೆಯ ರಾತ್ರಿ ಕಾಗದಗಳೆಲ್ಲ ಒಣಗಿಯೇ ಇದ್ದವು. ಅಷ್ಟರಲ್ಲಿ ಅಣ್ಣ, ತೆಗೆದ ವಿಡಿಯೋಗಳನ್ನೆಲ್ಲ ಇನ್ನೊಂದು ಡಿಸ್ಕಿಗೂ ನಕಲು ಮಾಡುವ ವ್ರತ ಹಿಡಿದಿದ್ದ. ಆ ವ್ರತ ಇಂದಿಗೂ ಕೆಟ್ಟಿಲ್ಲ.

ಹನ್ನೊಂದು ಮದುವೆಗಳೂ ಮುಗಿದವು. ಮೇ ತಿಂಗಳ ಮಧ್ಯಾಹ್ನ ಅಂಗಡಿ 37 ಡಿಗ್ರಿ ಇದ್ದಾಗ ನೀರು 48ಕ್ಕೆ ಬಂದು ನಿಂತಿತು; ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಉಳಿದ 9,000 ರೂಪಾಯಿಯನ್ನು ಅಮ್ಮ ಮತ್ತೆ ಗಂಟು ಕಟ್ಟಿದರು. ಲಗ್ನದ ಹಣ ಬಂದ ಮೇಲೆ ಅಣ್ಣ ತೆಗೆದುಕೊಂಡ ಹದಿನಾರನ್ನೂ ಅದಕ್ಕೆ ಸೇರಿಸಿದ. ಈಗ ಅಪ್ಪ ಸಂಜೆ ಅಂಗಡಿ ಮುಚ್ಚಿ ಬರುವಾಗ ಸ್ಟುಡಿಯೋಕ್ಕೆ ಹೋಗಿ ಆ ಪಂಪಿನ ಮೇಲೆ ಒಂದು ಕ್ಷಣ ಅಂಗೈ ಇಡುತ್ತಾರೆ. ತಿರುಗುತ್ತಿದೆಯೋ ಇಲ್ಲವೋ ಎಂಬುದು ಕಿವಿಗೆ ತಿಳಿಯದಷ್ಟು ಅದು ಮೌನಿ. ತೊಟ್ಟಿಯ ಮೇಲೆ ನಾನು ಪೆನ್ನಿನಿಂದ ಎಳೆದ ಗೆರೆಗಿಂತ ನೀರು ಈಗ ಉಗುರಿನಷ್ಟು ಇಳಿದಿದೆ. ಮುಂದಿನ ಲಗ್ನಗಳ ಹೊತ್ತಿಗೆ ಒಂದು ಲೋಟ ಹೊಯ್ದರೆ ಸಾಕು.