ಬೋರಿ ಕರು ಯಾರ ಪಾಲಿಗೆ?

ದನ ಹೆಣ್ಣು ಕರು ಹಾಕಿದರೆ ಮನೆಗೆ ಲಕ್ಷ್ಮಿ ಬಂದಳು ಅಂತಾರೆ. ಗಂಡು ಕರು ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ. ಹಟ್ಟಿಯ ದೀಪ ಆರಿಸಿ ಒಳಗೆ ಹೋಗ್ತಾರೆ. ಗಂಡು ಮಗು ಹುಟ್ಟಲಿ ಅಂತ ಹರಕೆ ಹೊರುವ ಜನ, ಹಟ್ಟಿಯಲ್ಲಿ ಮಾತ್ರ ಹೆಣ್ಣು ಬೇಕು ಅಂತಾರೆ. ಅದು ಹಾಲಿನ ಲೆಕ್ಕ. ಈ ಲೆಕ್ಕಕ್ಕೆ ಸಿಕ್ಕದ ಗಂಡು ಕರುವಿಗೆ ನಮ್ಮ ತುಳುವಿನಲ್ಲಿ ಬೋರಿ ಕಂಜಿ ಅನ್ನುತ್ತೇವೆ. ಅದರ ಕತೆಯನ್ನು ಗೋಮಾತೆಯ ಭಾಷಣ ಮಾಡುವವರು ಹೇಳುವುದಿಲ್ಲ, ಕ್ಷೀರಕ್ರಾಂತಿಯ ಭಾಷಣ ಮಾಡುವವರೂ ಹೇಳುವುದಿಲ್ಲ. ನಾವು ಹೇಳಬೇಕಾಗಿದೆ. ಯಾಕೆಂದರೆ ಆ ಕರು ಊರೆಲ್ಲ ತಿರುಗಿ ಕೊನೆಗೆ ಬಂದು ಬೀಳುವುದು ನಮ್ಮ ಕಾಲನಿಯ ಬಾಗಿಲಿಗೆ.

ನಾವು ಕಲ್ಲಡ್ಕದವರು. ಬಂಟ್ವಾಳ ತಾಲೂಕು, ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಹೊರಗಿನವರಿಗೆ ಕಲ್ಲಡ್ಕ ಅಂದರೆ ಒಂದೋ ಕೋಮುಗಲಭೆ, ಇಲ್ಲದಿದ್ದರೆ ಕೆ.ಟಿ. ಕೆ.ಟಿ. ಅಂದರೆ ಕಲ್ಲಡ್ಕ ಟೀ. ಗಾಜಿನ ಲೋಟದಲ್ಲಿ ಹಾಲು ಒಂದು ಪದರ, ಡಿಕಾಕ್ಷನ್ ಇನ್ನೊಂದು ಪದರ, ಒಂದಕ್ಕೊಂದು ಸೇರದೆ ನಿಂತಿರುತ್ತದೆ. ಕಾರು ನಿಲ್ಲಿಸಿ ಕುಡೀತಾರೆ, ಫೋಟೋ ಹೊಡೀತಾರೆ. ಹಾಲು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಸೊಸೈಟಿಯಲ್ಲಿ ಭಟ್ಟರ ಮನೆಯ ಹಾಲು, ಬಂಟರ ಮನೆಯ ಹಾಲು, ಬ್ಯಾರಿಗಳ ಮನೆಯ ಹಾಲು, ನಮ್ಮ ಹಾಲು ಎಲ್ಲ ಒಂದೇ ಕ್ಯಾನಿಗೆ ಬೀಳುತ್ತದೆ. ನಮ್ಮ ಮನೆಯ ನೀರು ಕುಡಿಯದವರ ಗಂಟಲಲ್ಲಿ ನಮ್ಮ ಹಾಲು ಇಳಿಯುತ್ತದೆ. ಫ್ಯಾಟ್ ನೋಡುವ ಯಂತ್ರ ಬಂದಿದೆ, ಜಾತಿ ನೋಡುವ ಯಂತ್ರ ಇನ್ನೂ ಬಂದಿಲ್ಲ. ಈ ಮಟ್ಟಿಗೆ ಸೊಸೈಟಿ ಮಾಡಿದ ಕೆಲಸವನ್ನು ನಾವು ಒಪ್ಪುತ್ತೇವೆ. ಆದರೆ ಹಾಲು ಕ್ಯಾನಿಗೆ ಹೋದ ಮೇಲೆ ಹಟ್ಟಿಯಲ್ಲಿ ಉಳಿಯುವುದೇನು? ಆ ಪ್ರಶ್ನೆ ನಮ್ಮದು.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ನಿಮ್ಮ ಕಡೆ ಹಟ್ಟಿ ಅಂದರೆ ನಮ್ಮವರ ಕೇರಿ. ನಮ್ಮ ಕಡೆ ಹಟ್ಟಿ ಅಂದರೆ ದನದ ಕೊಟ್ಟಿಗೆ. ಎರಡಕ್ಕೂ ಒಂದೇ ಹೆಸರಿರುವುದು ನಮಗೇನೂ ಆಶ್ಚರ್ಯವಲ್ಲ. ನಮ್ಮ ಅಜ್ಜಂದಿರು ಧನಿಗಳ ಹಟ್ಟಿಯ ಸೆಗಣಿ ಬಾಚಿಯೇ ಬದುಕಿದವರು. ಆಗ ಇದ್ದದ್ದು ಊರ ದನ. ಮಲೆನಾಡು ಗಿಡ್ಡ ಅಂತ ಹೆಸರಿಟ್ಟು 2012ರಲ್ಲಿ ಅದನ್ನು ದೇಶದ ತಳಿಗಳ ಪಟ್ಟಿಗೆ ಸೇರಿಸಿದ್ದಾರೆ. ಸಣ್ಣ ಜಾತಿ, ಕೊಡುವುದು ಒಂದೆರಡು ಲೀಟರ್ ಹಾಲು. ಬೆಳಿಗ್ಗೆ ಬಿಟ್ಟರೆ ಗುಡ್ಡೆಯಲ್ಲಿ ಮೇದು ಸಂಜೆ ತಾನೇ ಬರುತ್ತಿತ್ತು. ಗಂಡಾದರೆ ಗದ್ದೆ ಹೂಡಲಿಕ್ಕೆ ಬೇಕು, ಸೊಪ್ಪು ಹಾಸಿದ ಹಟ್ಟಿಯಲ್ಲಿ ಗೊಬ್ಬರಕ್ಕೆ ಬೇಕು. ಆ ಕಾಲದಲ್ಲಿ ಬೋರಿ ಕಂಜಿ ಯಾರಿಗೂ ಬೇಡದ ಜೀವ ಆಗಿರಲಿಲ್ಲ. ಅದಕ್ಕೆ ಹುಲ್ಲು ಹಾಕಿದ ಮೇಲೆಯೇ ನಮ್ಮವರ ಗಂಜಿ.

1974ರ ಭೂಸುಧಾರಣೆಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಗೇಣಿದಾರರು ಒಡೆಯರಾದರು. ಗೇಣಿ ಚೀಟಿಯೇ ಇಲ್ಲದ ಆಳುಗಳು ಆಳುಗಳಾಗಿಯೇ ಉಳಿದರು. ನಮ್ಮ ಪಾಲಿಗೆ ಬಂದದ್ದು ಐದು ಸೆಂಟ್ಸಿನ ಕಾಲನಿ. 1980ರಲ್ಲಿ ಐ.ಆರ್.ಡಿ.ಪಿ. ಯೋಜನೆ ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ಭೂಮಿ ಕೊಡದ ಸರಕಾರ ದನ ಕೊಡಿಸಿತು, ಸಾಲದ ಮೇಲೆ. ಅಷ್ಟು ಹೊತ್ತಿಗೆ ಹೋರಿಯ ವೀರ್ಯವನ್ನು ಹೆಪ್ಪುಗಟ್ಟಿಸಿ ಕಡ್ಡಿಗಳಲ್ಲಿ ತುಂಬುವ ಕೇಂದ್ರ ಸರಕಾರದ ಸಂಸ್ಥೆ ಹೆಸರಘಟ್ಟದಲ್ಲಿ 1969ರಿಂದಲೇ ಇತ್ತು. 1970ರಿಂದ ಆಪರೇಷನ್ ಫ್ಲಡ್, 1986ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ. ಜೆರ್ಸಿ, ಎಚ್.ಎಫ್. ಇಂಜೆಕ್ಷನ್ ಹಳ್ಳಿಹಳ್ಳಿಗೆ ತಲುಪಿತು. ಹಾಲು ಬಂತು, ಸುಳ್ಳು ಹೇಳಬಾರದು. ಮಕ್ಕಳ ಶಾಲೆಯ ಖರ್ಚು, ಅಂಗಡಿಯ ಬಾಕಿ, ಮದುವೆಯ ಸಾಲ ತೀರಿದ್ದು ಅದರಲ್ಲೇ. ಬೀಡಿ ಕಟ್ಟುವ ನಮ್ಮ ಹೆಂಗಸರ ಕೈಗೆ ಇನ್ನೊಂದು ಆದಾಯ ಅಂತ ಬಂದದ್ದು ಇದೇ.

ಆದರೆ ಹಾಲು ನಳ್ಳಿಯಲ್ಲಿ ಬರುವ ನೀರಲ್ಲ. ದನ ಕರು ಹಾಕಿದರೆ ಮಾತ್ರ ಹಾಲು. ಹಾಲು ಬತ್ತುವ ಮೊದಲೇ ಮತ್ತೊಂದು ಇಂಜೆಕ್ಷನ್, ಒಂಬತ್ತು ತಿಂಗಳು ಕಳೆದರೆ ಮತ್ತೊಂದು ಕರು. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಒಂದು ಒಳ್ಳೆ ಹೋರಿಯಿಂದ ಸಾವಿರಾರು ಕಡ್ಡಿ ತುಂಬುವ ಕಾಲದಲ್ಲಿ ಊರಿಗೆ ಬೇರೆ ಹೋರಿ ಯಾಕೆ? ಗದ್ದೆ ಹೋಗಿ ಅಡಿಕೆ ಬಂತು, ರಬ್ಬರ್ ಬಂತು. ಉಳಿದ ಗದ್ದೆಗೆ ಟಿಲ್ಲರ್ ಬಂತು. ಇನ್ನು ಎತ್ತು ಯಾಕೆ? ಬೇಕೆಂದರೂ ಎಚ್.ಎಫ್. ಗಂಡಿಗೆ ಹಿಣಿಲು ಇಲ್ಲ, ಹೆಗಲಲ್ಲಿ ನೊಗ ನಿಲ್ಲುವುದಿಲ್ಲ, ಸ್ವಲ್ಪ ಬಿಸಿಲಿಗೇ ಏದುಸಿರು ಬಿಡುತ್ತದೆ. 2019ರ ಜಾನುವಾರು ಗಣತಿ ನೋಡಿ. ದೇಶದಲ್ಲಿ ಹೆಣ್ಣು ದನ ಸುಮಾರು 14.5 ಕೋಟಿ. ಗಂಡು 5 ಕೋಟಿಗೂ ಕಡಿಮೆ. ಬೀದಿಯಲ್ಲಿ ತಿರುಗುವ ಬೀಡಾಡಿ ದನ ಸುಮಾರು 50 ಲಕ್ಷ. ಹುಟ್ಟುವಾಗ ಸಮಸಮ ಇದ್ದ ಗಂಡು ಎಲ್ಲಿ ಹೋಯಿತು?

ಎಲ್ಲಿ ಹೋಯಿತು ಅಂತ ನಾವು ಹೇಳ್ತೇವೆ ಕೇಳಿ. ದೊಡ್ಡ ಹಟ್ಟಿಗಳಲ್ಲಿ ಕೆಲಸ ಮಾಡುವವರು ನಾವು, ಕಣ್ಣಾರೆ ಕಂಡದ್ದು. ಅಲ್ಲಿ ಗಂಡು ಕರುವಿಗೆ ಯಾರೂ ಕತ್ತಿ ಎತ್ತುವುದಿಲ್ಲ, ಪಾಪ ಬರ್ತದೆ. ಹಾಲು ಬಿಡುವುದಿಲ್ಲ, ಅಷ್ಟೆ. ಗಿಣ್ಣು ಮುಗಿದ ಮೇಲೆ ಒಂದು ಮೂಲೆಯಲ್ಲಿ ಕಟ್ಟುತ್ತಾರೆ. ಕೆಲವು ದಿನ ಕೂಗುತ್ತದೆ. ಆಮೇಲೆ ಕೂಗುವುದಿಲ್ಲ. ಇದಕ್ಕಾಗಿ ಯಾರ ಮೇಲಾದರೂ ಕೇಸು ಬಿದ್ದದ್ದನ್ನು ನಮ್ಮ ಊರಲ್ಲಿ ನಾವು ಕಂಡಿಲ್ಲ. ಗಟ್ಟಿಯಾಗಿ ಉಳಿದುಕೊಂಡ ಕರುಗಳನ್ನು ರಾತ್ರಿ ಪಿಕಪ್‌ನಲ್ಲಿ ಹಾಕಿ ದೂರದ ಪೇಟೆಯಲ್ಲೋ ಕಾಡಿನ ಬದಿಯಲ್ಲೋ ಬಿಟ್ಟು ಬರ್ತಾರೆ. ಅವು ಹೆದ್ದಾರಿಯಲ್ಲಿ ಮಲಗುತ್ತವೆ. ಮಳೆಗಾಲದಲ್ಲಿ ಡಾಮರು ಬೆಚ್ಚಗಿರುತ್ತದೆ. ರಾತ್ರಿಯ ಟ್ಯಾಂಕರಿಗೆ ಕಪ್ಪು ಕರು ಕಾಣುವುದಿಲ್ಲ. ಕೆಲವು ಪ್ಲಾಸ್ಟಿಕ್ ತಿಂದು ಹೊಟ್ಟೆ ಉಬ್ಬಿ ಸಾಯುತ್ತವೆ. ಕೆಲವು ಯಾರದ್ದೋ ತೋಟಕ್ಕೆ ನುಗ್ಗಿ ಕಾಲು ಮುರಿಸಿಕೊಂಡು ಬರುತ್ತವೆ.

ನಮ್ಮ ಕಾಲನಿಯ ಒಂದು ದನದ ಮನೆಗೆ ಈ ದಾರಿಗಳೂ ಇಲ್ಲ. ಪಿಕಪ್ ಇಲ್ಲ, ಹಟ್ಟಿಯಲ್ಲಿ ಎರಡನೆಯ ಮೂಲೆಯೂ ಇಲ್ಲ. ನಮ್ಮ ಅಜ್ಜಿಯಂದಿರು ಗಂಡಾದರೂ ಹೆಣ್ಣಾದರೂ ಒಂದು ಮೊಲೆ ಕರುವಿಗೇ ಬಿಡ್ತಾರೆ. "ಅದ್ರ ಅಮ್ಮನ ಹಾಲು ಅದಕ್ಕೇ ಇಲ್ಲಾಂತಾದ್ರೆ ನಮ್ಗೆ ಒಳ್ಳೇದಾಗ್ಲಿಕ್ಕುಂಟಾ?" ಅಂತ ಕೇಳ್ತಾರೆ. ಕರು ಬೆಳೆಯುತ್ತದೆ. ಎರಡು ವರ್ಷಕ್ಕೆ ತಾಯಿಯಷ್ಟೇ ದೊಡ್ಡದಾಗಿ ತಾಯಿಯ ಹಿಂಡಿಯಲ್ಲೇ ಪಾಲು ಕೇಳುತ್ತದೆ. ಬೈಹುಲ್ಲು ಘಟ್ಟದಿಂದ ಲಾರಿಯಲ್ಲಿ ಬರಬೇಕು, ಕಟ್ಟಿಗೆ ಇಷ್ಟು ಅಂತ ದುಡ್ಡು ಎಣಿಸಬೇಕು. ಕೊನೆಗೆ ಕರುವಿನ ಹಸಿವಿಗೂ ಮಕ್ಕಳ ಹಸಿವಿಗೂ ಒಂದೇ ಮನೆಯಲ್ಲಿ ಜಗಳ ಹತ್ತುತ್ತದೆ.

ಮೊದಲು ದನದ ವ್ಯಾಪಾರದ ಬ್ಯಾರಿ ಕಾಕ ಬರ್ತಿದ್ರು. ಗಂಡನ್ನೂ, ಮುದಿ ದನವನ್ನೂ ಕೊಂಡು ಹೋಗ್ತಿದ್ರು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ನಾವು ಕರೆಯುವ ದನ ತರ್ತಿದ್ದೆವು. ದನ ಸಾಕುವುದು ನಮ್ಮಂಥವರಿಗೆ ಗಿಟ್ಟುತ್ತಿದ್ದದ್ದೇ ಹೀಗೆ. ಮಾಂಸ ನಮ್ಮವರೂ ತಿನ್ನುತ್ತಿದ್ದರು, ಮುಚ್ಚಿಡುವ ಮಾತಲ್ಲ, ನಾಚಿಕೆಯೂ ಇಲ್ಲ. ಬಡವರ ಮನೆಗೆ ಅಗ್ಗದ ಮಾಂಸ ಅದೊಂದೇ. ಒಂದು ದಿನ ಕಾಕ ಅಂಗಳದಲ್ಲೇ ನಿಂತು, "ಬೇಡ ಅಂತಲ್ಲ ಅಕ್ಕ, ಇನ್ನು ನನ್ನಿಂದ ಆಗ್ಲಿಕ್ಕಿಲ್ಲ. ನನ್ಗೂ ಮಕ್ಳುಂಟು" ಅಂದು ಹೋದರು. ಮತ್ತೆ ಬರಲಿಲ್ಲ.

ಅವರು ಹೆದರಿದ್ದು ಸುಮ್ಮನೆ ಅಲ್ಲ. 2005ರ ಮಾರ್ಚ್‌ನಲ್ಲಿ ಆದಿಉಡುಪಿಯಲ್ಲಿ ದನದ ವ್ಯಾಪಾರದ ತಂದೆ-ಮಗನನ್ನು ಬೆತ್ತಲೆ ಮಾಡಿ ಹೊಡೆದರು. 2016ರ ಜುಲೈನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲೂಕಿನಲ್ಲಿ ದನದ ಮಾಂಸದ ಹೆಸರಲ್ಲಿ ದಲಿತರ ಮನೆಗೆ ನುಗ್ಗಿ ಹೊಡೆದರು. ಮರುತಿಂಗಳು ಉಡುಪಿ ಜಿಲ್ಲೆಯಲ್ಲಿ ದನ ಸಾಗಿಸುತ್ತಿದ್ದ ಯುವಕನನ್ನು ಹೊಡೆದು ಕೊಂದರು. ಸತ್ತವನು ಬಿ.ಜೆ.ಪಿ. ಕಾರ್ಯಕರ್ತ. ಆದರೂ ಬಿಡಲಿಲ್ಲ.

ಕಾನೂನು ಆಮೇಲೆ ಬಂತು. 1964ರ ಕಾಯ್ದೆಯಲ್ಲಿ ಹಸು ಮತ್ತು ಕರುವನ್ನು ಕೊಲ್ಲಬಾರದು ಅಂತ ಇತ್ತು. ಹನ್ನೆರಡು ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಹೋರಿಗೆ ಸರ್ಟಿಫಿಕೇಟಿನ ದಾರಿ ಇತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ಆ ದಾರಿಯನ್ನೂ ಮುಚ್ಚಿತು. ದನ, ಎತ್ತು, ಹೋರಿ ಯಾವ ವಯಸ್ಸಿನದ್ದೂ ಆಗದು. 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಅವಕಾಶ. ಮೀರಿದರೆ ಮೂರರಿಂದ ಏಳು ವರ್ಷ ಜೈಲು, ಒಂದೊಂದು ದನಕ್ಕೆ 50 ಸಾವಿರದಿಂದ 5 ಲಕ್ಷ ದಂಡ. 2023ರ ಜೂನ್‌ನಲ್ಲಿ ಹೊಸ ಸರಕಾರದ ಪಶುಸಂಗೋಪನಾ ಸಚಿವರು, ಕೋಣ ಕಡಿಯಬಹುದಾದರೆ ದನ ಯಾಕೆ ಆಗದು ಅಂತ ಕೇಳಿದರು. ಗಲಾಟೆಯಾಯಿತು. ಇಷ್ಟೆಲ್ಲ ಮಾತಿನ ನಡುವೆ ಇಂಜೆಕ್ಷನ್ ಕೊಡುವುದು ಒಂದು ದಿನವೂ ನಿಲ್ಲಲಿಲ್ಲ. ಹುಟ್ಟಿಸುವ ಕಡೆ ಯೋಜನೆ, ಸಬ್ಸಿಡಿ. ಸಾಯಿಸುವ ಕಡೆ ಜೈಲು. ನಡುವಿನ ಹದಿನೈದು ವರ್ಷ ಅದಕ್ಕೆ ಹುಲ್ಲು ಹಾಕುವವರು ಯಾರು ಅಂತ ಆ ಕಾಯ್ದೆ ನಮ್ಮನ್ನು ಕೇಳಿಲ್ಲ.

ಇದು ದನದ ಕತೆ ಮಾತ್ರವಲ್ಲ. ದೊಡ್ಡವರ ಕುದುರೆಯ ಕತೆಯೂ ಹೀಗೆಯೇ. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಕುಣಿಗಲ್ ಆಮೇಲೆ ರೇಸಿಗೆ ಕುದುರೆ ಸಾಕಿತು. ರೇಸಿನಲ್ಲಿ ಗೆಲ್ಲುವುದು ಒಂದು, ಅದಕ್ಕಾಗಿ ಹುಟ್ಟಿಸುವುದು ನೂರು. ಗೆಲ್ಲದ ಕುದುರೆ ಕೈಯಿಂದ ಕೈಗೆ ಇಳಿಯುತ್ತಾ ಇಳಿಯುತ್ತಾ ಮದುವೆ ಮೆರವಣಿಗೆಗೆ, ಸವಾರಿಗೆ ಬರುತ್ತದೆ. ಅಷ್ಟು ಇಳಿದು ಬಂದ ಕುದುರೆಯ ಮೇಲೂ ದಲಿತ ವರ ಕೂತರೆ ಉತ್ತರ ಭಾರತದಲ್ಲಿ ಕಲ್ಲು ಬೀಳುತ್ತವೆ. ಅಮೆರಿಕದಲ್ಲಿ ಕುದುರೆ ಕಡಿಯುವ ಕೊನೆಯ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದವು. ಹುಟ್ಟಿಸಿದ್ದಕ್ಕೆ ಹೊಣೆ ಯಾರು ಅಂತ ಮಾತ್ರ ಯಾರೂ ಕೇಳಲಿಲ್ಲ. ಬೇಡವಾದ ಕುದುರೆಗಳನ್ನು ಲಾರಿಯಲ್ಲಿ ಮೆಕ್ಸಿಕೊಗೆ, ಕೆನಡಾಕ್ಕೆ ಸಾಗಿಸಿದರು. ಸಾಕಲಾಗದವರು ಬಯಲಲ್ಲಿ ಬಿಟ್ಟರು. ಕುದುರೆಗಳ ಪಾಡು ಮೊದಲಿಗಿಂತ ಕೆಟ್ಟಿದೆ ಅಂತ 2011ರಲ್ಲಿ ಅಲ್ಲಿನ ಸರಕಾರದ ಲೆಕ್ಕಪರಿಶೋಧನಾ ಕಚೇರಿಯೇ ವರದಿ ಕೊಟ್ಟಿತು. ಸಾಯುವ ಬಾಗಿಲು ಮಾತ್ರ ಮುಚ್ಚಿ ಹುಟ್ಟುವ ಬಾಗಿಲು ತೆರೆದಿಟ್ಟರೆ ಜೀವ ಉಳಿಯುವುದಿಲ್ಲ, ಅದರ ಸಾವು ದೀರ್ಘವಾಗುತ್ತದೆ.

ಸತ್ತ ಮೇಲೆ? ಆಗ ನಮ್ಮ ನೆನಪಾಗುತ್ತದೆ. ಎರಡು ಮಳೆಗಾಲದ ಹಿಂದೆ ಹೆದ್ದಾರಿ ಬದಿಯಲ್ಲಿ ಒಂದು ಬೋರಿ ಕರು ಲಾರಿಗೆ ಸಿಕ್ಕಿ ಸತ್ತಿತ್ತು. ಕಿವಿಯಲ್ಲಿ ಓಲೆ ಕಿತ್ತ ತೂತು. ಯಾರ ಹಟ್ಟಿಯದ್ದು ಅಂತ ಊರಿಗೆಲ್ಲ ಗೊತ್ತು, ಬಾಯಿ ಬಿಡುವವರಿಲ್ಲ. ನಮ್ಮ ಹುಡುಗರಿಗೆ ಫೋನ್ ಬಂತು: "ನಾಲ್ಕು ಜನ ಬಂದು ಎಳೆದು ಹಾಕಿ ಮಾರಾಯ್ರೆ, ವಾಸನೆ ಬರ್ತಾ ಉಂಟು." ಹಿಂದೆ ಅಂಗಳದಲ್ಲಿ ನಿಂತು "ಬಾರೋ" ಅಂತಿದ್ರು, ಈಗ ಫೋನು, "ಮಾರಾಯ್ರೆ". ಕೆಲಸ ಮಾತ್ರ ಅದೇ. ಹುಡುಗರು ಹೋಗಲಿಲ್ಲ. "ಓಲೆ ಕಿತ್ತವರೇ ಎಳೀಲಿ" ಅಂದರು. ಎರಡು ದಿನ ಮಳೆಯಲ್ಲಿ ಬಿದ್ದಿತ್ತು. ಮೂರನೆಯ ದಿನ ಯಾರೋ ಜೆಸಿಬಿ ತರಿಸಿದರು.

ಆ ಹುಡುಗರು ಹೊಸದೇನೂ ಹೇಳಲಿಲ್ಲ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಈ ಹೀನ ಕೆಲಸ ಬಿಡಿ ಅಂದಿದ್ದರು. ನಮ್ಮ ಜಿಲ್ಲೆಯ ಕೊರಗರನ್ನು ಹಿಡಿದಿಟ್ಟಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದ ದಲಿತ ಯುವಕರನ್ನು ಕಾರಿಗೆ ಕಟ್ಟಿ ಹೊಡೆದಾಗ, ಅಲ್ಲಿನವರು ಸತ್ತ ದನಗಳನ್ನು ತಂದು ಸರಕಾರಿ ಕಚೇರಿಯ ಮುಂದೆ ಸುರಿದರು. ದನದ ಬಾಲ ನೀವೇ ಇಟ್ಟುಕೊಳ್ಳಿ, ನಮಗೆ ಭೂಮಿ ಕೊಡಿ ಅಂದರು.

ನಮ್ಮ ಮಾತೂ ಭೂಮಿಗೇ ಬಂದು ನಿಲ್ಲುತ್ತದೆ. ಬೋರಿ ಕರು ಮೇಯಬೇಕಾದ ಗುಡ್ಡೆ ಎಲ್ಲಿದೆ? ವರ್ಗ ಜಮೀನಿನ ಸುತ್ತ ನೂರು ಗಜದ ಸರಕಾರಿ ಜಾಗ ಕುಮ್ಕಿಯ ಹೆಸರಲ್ಲಿ ಜಮೀನಿದ್ದವರ ಕೈಯಲ್ಲಿದೆ. ಸೊಪ್ಪಿಗೆ, ಮೇವಿಗೆ ಅಂತ ಇದ್ದ ಆ ಜಾಗಗಳಲ್ಲಿ ಈಗ ಎಷ್ಟೋ ಕಡೆ ರಬ್ಬರ್ ನಿಂತಿದೆ. ಬ್ರಿಟಿಷರ ಕಾಲದಲ್ಲೇ ನಮ್ಮವರಿಗೆಂದು ತೆಗೆದಿಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ನಮ್ಮ ಜಿಲ್ಲೆಯ ದಲಿತರು ವರ್ಷಗಟ್ಟಲೆ ಧರಣಿ ಕೂತಿದ್ದಾರೆ. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಅಂತ ಬಂತು. ಗೋಶಾಲೆಯ ಒಂದು ದನಕ್ಕೆ ವರ್ಷಕ್ಕೆ 11 ಸಾವಿರ ಕೊಡಿ ಅಂತ ಜನರನ್ನು ಕೇಳಿದರು. ದಿನಕ್ಕೆ 30 ರೂಪಾಯಿ ಆಯಿತು. ಗೋಶಾಲೆಯ ದನಕ್ಕೆ ಹೊಟ್ಟೆ ಇದೆ ಅಂತ ಗೊತ್ತಿರುವ ಸರಕಾರಕ್ಕೆ ಕಾಲನಿಯ ಹಟ್ಟಿಯ ಬೋರಿಗೂ ಹೊಟ್ಟೆ ಇದೆ ಅಂತ ಗೊತ್ತಾಗಬೇಡವೆ?

ಆದ್ದರಿಂದ ನಾವು ಕೇಳುವುದು ಇಷ್ಟು. ನೂರಕ್ಕೆ ತೊಂಬತ್ತು ಹೆಣ್ಣು ಕರುವೇ ಹುಟ್ಟುವ ಇಂಜೆಕ್ಷನ್ ಈಗ ಬಂದಿದೆ. ಒಂದು ದನದ ಮನೆಗೆ ಅದನ್ನು ಪುಕ್ಕಟೆ ಕೊಡಿ. ಮೇಯಲು ಕುಮ್ಕಿಯ ಗುಡ್ಡೆ ಬಿಡಿಸಿ, ಡಿ.ಸಿ. ಮನ್ನಾ ಭೂಮಿ ಹಂಚಿ. ಗಂಡನ್ನು ಕೊಲ್ಲಬಾರದು ಅನ್ನುವವರು ಅದನ್ನು ನ್ಯಾಯವಾದ ಬೆಲೆಗೆ ಕೊಂಡು ತಮ್ಮ ಅಂಗಳದಲ್ಲಿ ಕಟ್ಟಲಿ, ದಿನಾ ಹುಲ್ಲು ಹಾಕಲಿ. ಅದು ಆಗದಿದ್ದರೆ ಕೊಳ್ಳುವವನ ದಾರಿ ಬಿಡಲಿ, ತಿನ್ನುವವನ ತಟ್ಟೆಗೆ ಕೈ ಹಾಕದಿರಲಿ. ಹಾಲಿನಲ್ಲಿ ನಿಮ್ಮ ಪಾಲು ಇದ್ದ ಹಾಗೆ ಕರುವಿನಲ್ಲೂ ನಿಮ್ಮ ಪಾಲು ಉಂಟು. ಹೆದ್ದಾರಿಯಲ್ಲಿ ಸತ್ತು ಬಿದ್ದದ್ದನ್ನು ಎಳೆಯಲು ಇನ್ನು ನಮ್ಮ ಕಾಲನಿಗೆ ಫೋನ್ ಮಾಡಬೇಡಿ.