ಜೇಬಿನ ಕ್ಯಾಮೆರಾ

ಕ್ಯಾಮೆರಾ ಕೊಳ್ಳಹೊರಟ ಗೃಹಸ್ಥನು ಅಂಗಡಿಯಲ್ಲಿ ಮೊದಲು ಕೇಳುವುದು, ‘ಎಷ್ಟು ಮೆಗಾಪಿಕ್ಸೆಲ್?’ ಎಂದು. ಕೇಳಬೇಕಾದುದು, ‘ಗುಂಡಿ ಒತ್ತಿದ ಎಷ್ಟು ಹೊತ್ತಿಗೆ ಚಿತ್ರ ಬಿದ್ದೀತು?’ ಎಂದು. ಮೊಮ್ಮಗನ ತೊದಲಿಗೆ ಬೊಚ್ಚುಬಾಯಿ ತೆರೆದು ನಕ್ಕ ಅಜ್ಜಿ, ಯಂತ್ರವು ಎಚ್ಚರಗೊಳ್ಳುವಷ್ಟರಲ್ಲಿ ಸೆರಗು ಹೊದ್ದು, ತುಟಿ ಬಿಗಿದು, ಪಾಸ್‌ಪೋರ್ಟಿನ ಭಂಗಿಗೆ ಬಂದಿರುತ್ತಾರೆ. ಮನೆಯ ಆಲ್ಬಮ್ಮಿನಲ್ಲಿ ಉಳಿಯುವವರು ಈ ಎರಡನೆಯ ಅಜ್ಜಿಯೇ. ಮುಂದಿನ ವರ್ಷವೂ ಅವರು ಹಾಗೆ ನಗಲು ಇದ್ದಾರೆಂದು ಹೇಳಬಲ್ಲವರಾರು?

ಹೊತ್ತನ್ನೆಲ್ಲ ನುಂಗುವುದು ಫೋಕಸ್ಸು. ದೂರವನ್ನು ಅಳೆದು ಮಸೂರವನ್ನು ಹೊಂದಿಸುವ ಕೆಲಸ. ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದರೆ ಅದು ಮೊದಲೇ ಮುಗಿದಿರುತ್ತದೆ. 2019ರಲ್ಲಿ ಬಂದ ರಿಕೋ ಜಿಆರ್ 3 ಇನ್ನೂ ಜಾಣ. ದೂರ 2 ಮೀಟರೋ ಎರಡೂವರೆಯೋ ಎಂದು ಮುಂಚಿತವಾಗಿ ಗೊತ್ತುಮಾಡಿಟ್ಟರೆ, ಗುಂಡಿಯನ್ನು ಒಮ್ಮೆಗೇ ಪೂರ್ತಿ ಒತ್ತಿದೊಡನೆ, ಅಳೆಯುವ ಗೋಜಿಗೆ ಹೋಗದೆ ಚಿತ್ರ ತೆಗೆಯುತ್ತದೆ. ಬ್ಯಾಟರಿ ಸೇರಿ ತೂಕ 257 ಗ್ರಾಂ. ಎಚ್ಚರಗೊಳ್ಳಲು ಒಂದು ಸೆಕೆಂಡೂ ಬೇಡ. ಆದರೆ ಜೂಮ್ ಇಲ್ಲ, ಫ್ಲಾಷೂ ಇಲ್ಲ! ಮದುವೆಮನೆಯ ಕಡೆಯ ಸಾಲಿನಲ್ಲಿ ಕುಳಿತು ಧಾರೆಯ ಚಿತ್ರ ಬಯಸುವವರಿಗೆ, 2012ರಲ್ಲಿ ಆರಂಭವಾದ ಸೋನಿ ಆರ್‌ಎಕ್ಸ್100ರ ವಂಶವೇ ಲೇಸು.

ಕೊಳ್ಳುವ ಮುನ್ನ ಅದನ್ನೊಮ್ಮೆ ಜೇಬಿಗೆ ಹಾಕಿ, ಹೊರತೆಗೆದು, ಬೀದಿಯಲ್ಲಿ ಹಾಯುವವರ ಒಂದು ಹೆಜ್ಜೆಯನ್ನು ಹಿಡಿದು ನೋಡಬೇಕು. ಅಂಗಡಿಯಾತ ಗೊಣಗಿದರೆ ಗೊಣಗಲಿ.