ರೋಹಿಣಿಯ ಒಂದು ವರ್ಷ

ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಮುಗಿಯದ ಒಂದು ವಿಜ್ಞಾನ ಕಥೆಯಿದೆ. ರೋಹಿಣಿ ನಕ್ಷತ್ರವನ್ನು ಸುತ್ತುವ ಗ್ರಹವೊಂದರಲ್ಲಿ ನೆಲೆಸಿದ ರೈತರ ಕಥೆ. ಒಮ್ಮೆ ಅದನ್ನು ತರಗತಿಯಲ್ಲಿ ಓದಿದಾಗ ವಿದ್ಯಾರ್ಥಿನಿಯೊಬ್ಬಳು, "ಸರ್, ಅಲ್ಲಿ ವರ್ಷಕ್ಕೆ ಎಷ್ಟು ದಿನ?" ಎಂದು ಕೇಳಿದಳು. ಕಲ್ಪನೆಗೆ ಲೆಕ್ಕದ ಹಂಗಿಲ್ಲವೆಂದು ಹೇಳಿ ಪಾರಾದೆ. ಅದು ಉತ್ತರವಲ್ಲವೆಂಬುದು ಅವಳಿಗೂ ತಿಳಿದಿತ್ತು, ನನಗೂ ತಿಳಿದಿತ್ತು.

ಮರಾಠಿ ಶಾಲೆಯ ದಿನಗಳಿಂದಲೂ ಜಯಂತ ನಾರಳೀಕರರ ವಿಜ್ಞಾನ ಕಥೆಗಳು ನನಗೆ ಪ್ರಿಯ. ಖಗೋಳವಿಜ್ಞಾನಿಯಾಗಿದ್ದ ಅವರಿಗೆ ತಾರೆಗಳ ಲೆಕ್ಕ ಅಂಗೈ ನೆಲ್ಲಿಯಾಗಿತ್ತು. ಭಾಷೆಯ ಮೇಷ್ಟರಿಗೆ ಅದೆಲ್ಲಿ ದಕ್ಕೀತು ಎಂಬುದು ನನ್ನ ನೆಪವಾಗಿತ್ತು. ಇಂದು ಆ ನೆಪ ನಿಲ್ಲದು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಖಗೋಳ ದತ್ತಾಂಶ ಕೇಂದ್ರವು ನಡೆಸುವ 'ಸಿಂಬಾಡ್' ಎಂಬ ಭಂಡಾರ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ನಾನಲ್ಲಿ ಹುಡುಕಿದ್ದು ಆಲ್ಡೆಬರನ್ ಎಂಬ ಅರಬ್ಬೀ ಹೆಸರಿನಿಂದ. ಅದರ ಅರ್ಥ 'ಹಿಂಬಾಲಿಸುವವನು'. ಅವರ ಆಕಾಶದಲ್ಲಿಯೂ ರೋಹಿಣಿ ಕೃತ್ತಿಕೆಯ ಹಿಂದೆಯೇ ಬರುತ್ತಾಳೆ.

ಗಯಾ ಉಪಗ್ರಹ ನೂರು ಕೋಟಿಗೂ ಮಿಕ್ಕ ತಾರೆಗಳನ್ನು ಅಳೆದಿದ್ದರೂ, ಅತಿ ಪ್ರಕಾಶದ ತಾರೆಗಳು ಅದರ ಕಣ್ಣು ಕುಕ್ಕುತ್ತಿದ್ದವು. ಹಾಗಾಗಿ 1997ರಲ್ಲಿ ಪ್ರಕಟವಾದ ಹಿಪ್ಪಾರ್ಕಸ್ ಪಟ್ಟಿಯ ಮೊರೆಹೋಗಬೇಕು. ಅಲ್ಲಿ ರೋಹಿಣಿಯ ಸಂಖ್ಯೆ 21421. ಭೂಮಿ ಸೂರ್ಯನನ್ನು ಸುತ್ತುವಾಗ ತಾರೆಯು ಅತ್ತಿತ್ತ ಸರಿದಂತೆ ತೋರುವ ಕೋನವೇ ಪ್ಯಾರಲಾಕ್ಸ್. ರೋಹಿಣಿಗೆ ಅದು ಸುಮಾರು 49 ಮಿಲಿ ಆರ್ಕ್‌ಸೆಕೆಂಡು. 1000ವನ್ನು 49ರಿಂದ ಭಾಗಿಸಿ 3.26ರಿಂದ ಗುಣಿಸಿದರೆ ದೂರ ಸಿಗುತ್ತದೆ: ಸುಮಾರು 66 ಜ್ಯೋತಿರ್ವರ್ಷ.

ಮುಂದಿನ ಲೆಕ್ಕ ನನ್ನ ಕಥೆಯನ್ನೇ ಕೆಡವಿತು. ರೋಹಿಣಿ ಉಬ್ಬಿದ ಕೆಂಪು ದೈತ್ಯ. ಕಾಣದ ಶಾಖವನ್ನೂ ಸೇರಿಸಿದರೆ ಅದರ ಒಟ್ಟು ಪ್ರಕಾಶ ಸೂರ್ಯನ ಸುಮಾರು 400 ಪಟ್ಟು. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ಭೂಮಿಯಷ್ಟೇ ಹದವಾದ ಬಿಸಿಲಿಗೆ ಗ್ರಹವು 20 ಪಟ್ಟು ದೂರ ನಿಲ್ಲಬೇಕು. ತಾರೆಯ ತೂಕ ಸೂರ್ಯನಿಗಿಂತ ತುಸುವೇ ಹೆಚ್ಚು. ಕೆಪ್ಲರನ ನಿಯಮದಂತೆ ಅಲ್ಲಿಯ ಒಂದು ವರ್ಷವೆಂದರೆ ನಮ್ಮ 80 ವರ್ಷಕ್ಕೂ ಅಧಿಕ. ನಮ್ಮ ನಾಲ್ಕು ತಿಂಗಳ ಮಳೆಗಾಲ ಅಲ್ಲಿ 27 ವರ್ಷ ಸುರಿಯುತ್ತದೆ. ಆಮೇಲೆ 50 ವರ್ಷಕ್ಕೂ ಮಿಕ್ಕಿ ಹನಿಯಿಲ್ಲ.

ನನ್ನ ರೈತರು ವರ್ಷವರ್ಷವೂ ರೋಹಿಣಿ ಮಳೆಗೆ ಬಿತ್ತುತ್ತಿದ್ದರು! ನಮ್ಮೂರನ್ನೇ ಎತ್ತಿ ಆಕಾಶದಲ್ಲಿಟ್ಟಿದ್ದೆನೇ ಹೊರತು ಹೊಸದೇನನ್ನೂ ಕಲ್ಪಿಸಿರಲಿಲ್ಲ. ಲೆಕ್ಕವು ಕಲ್ಪನೆಯನ್ನು ಕಟ್ಟಿಹಾಕುತ್ತದೆಂದು ಅಂಜಿದ್ದವನಿಗೆ, ಅದೇ ಹೊಸ ಕಥೆಯನ್ನು ಕೈಗಿತ್ತಿತು.

ಈಗ ಕಥೆ ಒಬ್ಬ ಮುದುಕಿಯಿಂದ ಮೊದಲಾಗುತ್ತದೆ. ಊರಿನಲ್ಲಿ ಮಳೆಯನ್ನು ಕಂಡವಳು ಅವಳೊಬ್ಬಳೇ. ಮಳೆಯನ್ನೇ ಕಾಣದ ಮಕ್ಕಳಿಗೆ ಅವಳು ತುಂತುರು, ಸೋನೆ, ಜಡಿಮಳೆ ಎಂಬ ಮಾತುಗಳನ್ನು ಕಲಿಸುತ್ತಾಳೆ, ಬಿತ್ತುವ ಕಾಲಕ್ಕೆ ಬೇಕಾಗುತ್ತವೆಂದು. ಕಾಣದ ವಸ್ತುವಿನ ಹೆಸರನ್ನು ಮನೆಯಲ್ಲಿ ಕಾಯ್ದಿಡುವುದೆಂದರೇನೆಂದು ಗಡಿಯ ಕನ್ನಡಿಗರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಪದವಿ ಮುಗಿಸಿ ಹೋಗಿದ್ದಾಳೆ. ಈ ಸಂಚಿಕೆ ಅವಳ ಕೈಸೇರಿದರೆ, ತಡವಾದ ಉತ್ತರ ಇದು: ಸುಮಾರು 30,000 ದಿನ, ಅಮ್ಮಾ.